ರಾಕ್ ಸಂಗೀತದಲ್ಲಿ ಅನುರಣನದ ಹದ

ದೇವಾಲಯದ ಘಂಟೆಯನ್ನು ಒಮ್ಮೆ ಬಾರಿಸಿ ಕೈ ತೆಗೆದರೆ ಪೆಟ್ಟು ಕ್ಷಣಮಾತ್ರದಲ್ಲಿ ಮುಗಿದುಹೋಗುವುದು, ನಾದವಾದರೋ ಮುಗಿಯುವುದಿಲ್ಲ. ಅದು ಮೆಲ್ಲಮೆಲ್ಲನೆ ಕ್ಷೀಣಿಸುತ್ತ, ಗಾಳಿಯಲ್ಲಿ ಉಳಿದಿದೆಯೋ ಕಿವಿಯಲ್ಲಿಯೇ ಉಳಿದಿದೆಯೋ ಎಂಬ ಸಂದೇಹ ಹುಟ್ಟುವವರೆಗೂ ನಿಲ್ಲುತ್ತದೆ. ಹೀಗೆ ಹಿಂಬಾಲಿಸಿ ಬರುವ ನಾದಕ್ಕೆ ಸಂಸ್ಕೃತದಲ್ಲಿ ಅನುರಣನವೆಂದು ಹೆಸರು. ನಮ್ಮ ಆಲಂಕಾರಿಕರಿಗೆ ಈ ಶಬ್ದವು ಬಹು ಪ್ರಿಯವಾದುದು; ವಾಚ್ಯಾರ್ಥವು ತಿಳಿದ ಬಳಿಕ ಮನಸ್ಸಿನಲ್ಲಿ ಮೂಡುವ ವ್ಯಂಗ್ಯಾರ್ಥವನ್ನು ಅವರು ಅನುರಣನಕ್ಕೆ ಹೋಲಿಸಿರುವರು. ಘಂಟೆಯಲ್ಲಿ ಲೋಹವೇ ತನ್ನ ನಾದವನ್ನು ಮುಂದುವರಿಸುತ್ತದೆ. ಮನುಷ್ಯನ ಕಂಠಕ್ಕೆ ಅಂತಹ ಶಕ್ತಿಯಿಲ್ಲ. ಅದಕ್ಕೆ ಅನುರಣನವನ್ನು ಕೊಡತಕ್ಕವು ಸುತ್ತಲಿನ ಗೋಡೆಗಳು. ಈಗಿನ ತರುಣರು ತಮ್ಮ ಹಾಡುಗಳನ್ನು ಮುದ್ರಿಸಿಕೊಳ್ಳುವಾಗ ‘ರಿವರ್ಬ್’ ಎನ್ನುವುದು ಇದನ್ನೇ.

ಇಂತಹ ವಿಷಯವು ಗೃಹಸ್ಥರು ಓದುವ ಪತ್ರಿಕೆಗೆ ಏತಕ್ಕೆಂದು ಕೆಲವರು ಕೇಳಬಹುದು. ಒಂದು ಕಂಪ್ಯೂಟರು, ಒಂದು ಮೈಕು, ಒಂದು ಇಲೆಕ್ಟ್ರಿಕ್ ಗಿಟಾರು, ಇಷ್ಟಿದ್ದರೆ ಇಂದು ಮನೆಯ ಒಂದು ಕೋಣೆಯೇ ಧ್ವನಿಮುದ್ರಣಶಾಲೆಯಾಗುತ್ತದೆ. ಮಗನೋ ಮಗಳೋ ಬಾಗಿಲು ಹಾಕಿಕೊಂಡು ರಾಕ್ ಹಾಡನ್ನು ಸಿದ್ಧಪಡಿಸುವರು. ಹಿರಿಯರು ಅದನ್ನು ಕೇಳಿ, ಮಾತೊಂದೂ ತಿಳಿಯದೆ, ಇದು ಬರಿಯ ಗದ್ದಲವೆಂದು ಎದ್ದುಹೋಗುವರು. ಮಕ್ಕಳಿಗೆ ಮನಸ್ಸು ಮುರಿಯುವುದು, ಹಿರಿಯರಿಗೆ ಬೇಸರವಾಗುವುದು. ಆದರೆ ಎಷ್ಟೋ ಸಲ ದೋಷವು ಹಾಡಿನಲ್ಲಿಯೂ ಇಲ್ಲ, ಹಾಡಿದವರಲ್ಲಿಯೂ ಇಲ್ಲ. ಅನುರಣನವನ್ನು ಹದ ತಪ್ಪಿ ಸುರಿದುದರಲ್ಲಿದೆ. ಹದವೆಂಬುದನ್ನು ಅಡುಗೆಯ ಮನೆಯಲ್ಲಿ ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ.

ಪ್ರತಿಧ್ವನಿಯೂ ಅನುರಣನವೂ

ಇವೆರಡನ್ನೂ ಒಂದೇ ಎಂದು ತಿಳಿಯುವವರುಂಟು. ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆ. ಎದುರಿನ ಬಂಡೆಯೋ ಗೋಡೆಯೋ ಹದಿನೇಳು ಮೀಟರಿಗಿಂತ ದೂರವಿದ್ದರೆ, ನಾವು ಕೂಗಿದ ಶಬ್ದವು ಹೋಗಿ ಮರಳುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆದಿರುತ್ತದೆ. ಆಗ ಕಿವಿಯು ಅದನ್ನು ಬೇರೆಯ ಶಬ್ದವೆಂದು ಗುರುತಿಸುತ್ತದೆ. ಇದು ಪ್ರತಿಧ್ವನಿ. ವಿಜಾಪುರದ ಗೋಳಗುಮ್ಮಟದ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದವರಿಗೆ, ಒಂದು ತಟ್ಟು ಹಲವು ಬಾರಿ ಮರಳಿ ಬರುವ ಅನುಭವವಿರುವುದಷ್ಟೆ. ಸಾಮಾನ್ಯವಾದ ಕೋಣೆಯಲ್ಲಿಯಾದರೋ ಗೋಡೆಗಳು ಹತ್ತಿರದಲ್ಲಿರುತ್ತವೆ. ಶಬ್ದವು ಅಲ್ಲಿಂದ ಇಲ್ಲಿಗೆ, ನೆಲದಿಂದ ಚಾವಣಿಗೆ, ಸಾವಿರಾರು ಬಾರಿ ಬಡಿದು ಪುಡಿಪುಡಿಯಾಗಿ ಮರಳುವುದು. ಈ ಪುಡಿಗಳು ಬಿಡಿಬಿಡಿಯಾಗಿ ಕೇಳಿಸದೆ ಒಂದೇ ಬಾಲದಂತೆ ಮೂಲದನಿಯನ್ನು ಹಿಂಬಾಲಿಸುತ್ತವೆ. ಇದೇ ಅನುರಣನ.

ಉಪಾಧ್ಯಾಯರಿಗೆಲ್ಲ ಇದರ ಅನುಭವವುಂಟು. ರಜೆಯಲ್ಲಿ ಬರಿದಾದ ತರಗತಿಯ ಕೊಠಡಿಯಲ್ಲಿ ಮಾತನಾಡಿದರೆ ದನಿಯು ಗುಂಯ್‌ಗುಟ್ಟುತ್ತದೆ. ಅದೇ ಕೊಠಡಿಯಲ್ಲಿ ನಲವತ್ತು ಮಕ್ಕಳು ಕುಳಿತರೆ ದನಿಯು ಸ್ಪಷ್ಟವಾಗುತ್ತದೆ. ಮಕ್ಕಳ ಮೈಯೂ ಬಟ್ಟೆಯೂ ಶಬ್ದವನ್ನು ಹೀರುವುದೇ ಇದಕ್ಕೆ ಕಾರಣ. ಈ ಸಾಮಾನ್ಯ ಸಂಗತಿಯನ್ನು ಶಾಸ್ತ್ರವಾಗಿಸಿದವನು ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೆಸ್ ಸಬೀನ್ ಎಂಬ ಪಂಡಿತ. ಅಲ್ಲಿಯ ಫಾಗ್ ಕಲಾಭವನದಲ್ಲಿದ್ದ ಉಪನ್ಯಾಸಮಂದಿರದಲ್ಲಿ ಒಂದು ಮಾತು ಐದು ಸೆಕೆಂಡುಗಳಿಗೂ ಮೀರಿ ನಿಲ್ಲುತ್ತಿದ್ದುದರಿಂದ ಉಪನ್ಯಾಸವೇ ಅಸಾಧ್ಯವಾಗಿದ್ದಿತು. 1895ರಲ್ಲಿ ಅದನ್ನು ಸರಿಪಡಿಸುವ ಹೊಣೆ ಇವನ ಮೇಲೆ ಬಿದ್ದಿತು. ಇವನು ನೆರೆಯ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊತ್ತು ತರಿಸಿ, ಒಂದೊಂದಾಗಿ ಹರಡುತ್ತ, ಆರ್ಗನ್ನಿನ ಕೊಳವೆಯೊಂದನ್ನು ನುಡಿಸಿ, ನಾದವು ಎಷ್ಟು ಹೊತ್ತಿಗೆ ಅಡಗುವುದೆಂದು ಅಳೆದನು. ಕೋಣೆಯು ದೊಡ್ಡದಾದಷ್ಟೂ ಅನುರಣನವು ದೀರ್ಘವಾಗುವುದು, ಹೀರುವ ವಸ್ತುಗಳು ಹೆಚ್ಚಿದಷ್ಟೂ ಹ್ರಸ್ವವಾಗುವುದು ಎಂಬ ಸೂತ್ರವು ಇದರಿಂದ ಸಿದ್ಧಿಸಿತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಮಂದಿರವು ಈ ಸೂತ್ರದ ಫಲ.

ಇದರಿಂದ ನಾವು ಗ್ರಹಿಸಬೇಕಾದುದು ಒಂದುಂಟು. ಅನುರಣನವು ಬರಿಯ ಇಂಪಲ್ಲ; ಅದು ಸಮಾಚಾರ. ಹಾಡುವವನು ಎಂತಹ ಸ್ಥಳದಲ್ಲಿ ನಿಂತಿರುವನು, ನಮ್ಮಿಂದ ಎಷ್ಟು ದೂರದಲ್ಲಿರುವನು ಎಂಬುದನ್ನು ಅದು ಕಿವಿಗೆ ತಿಳಿಸುವುದು. ಕಿವಿಯ ಬಳಿ ಪಿಸುಗುಟ್ಟಿದ ಮಾತಿನಲ್ಲಿ ಗೋಡೆಯ ಸದ್ದಿಲ್ಲ. ಓಣಿಯ ಕೊನೆಯಿಂದ ಬಂದ ಕೂಗಿನಲ್ಲಿ ಗೋಡೆಯ ಸದ್ದೇ ಹೆಚ್ಚು. ಆದುದರಿಂದ ಹಾಡಿಗೆ ಅನುರಣನವನ್ನು ಕೂಡಿಸುವವನು ಗಾಯಕನನ್ನು ಕೈಹಿಡಿದು ಹಿಂದಕ್ಕೆ ಕರೆದೊಯ್ಯುತ್ತಿರುವನೆಂದೇ ತಿಳಿಯತಕ್ಕುದು. ಎಷ್ಟು ಹೆಜ್ಜೆ ಎಂಬುದೇ ಪ್ರಶ್ನೆ.

ಸ್ನಾನಗೃಹದಿಂದ ಕಂಪ್ಯೂಟರಿನವರೆಗೆ

ಧ್ವನಿಮುದ್ರಣದಲ್ಲಿ ಮೈಕನ್ನು ಬಾಯಿಯ ಹತ್ತಿರವಿಟ್ಟರೆ ದನಿಯು ಸ್ಪಷ್ಟವಾದರೂ ಒಣಗಿದಂತಿರುವುದು. ಅದಕ್ಕೆ ಸ್ಥಳದ ಭಾವವನ್ನು ಕೊಡುವುದು ಹೇಗೆ? ಶಿಕಾಗೋ ನಗರದಲ್ಲಿ ಬಿಲ್ ಪುಟ್ನಮ್ ಎಂಬ ಧ್ವನಿತಜ್ಞನು 1947ರಲ್ಲಿ ಹಾರ್ಮೋನಿಕ್ಯಾಟ್ಸ್ ಎಂಬ ಮೇಳದ ವಾದನವನ್ನು ಮುದ್ರಿಸುವಾಗ, ಸ್ನಾನಗೃಹದೊಳಗೆ ಧ್ವನಿವರ್ಧಕವನ್ನೂ ಮೈಕನ್ನೂ ಇಟ್ಟು, ಅಲ್ಲಿಯ ಗುಂಜನವನ್ನು ಮೂಲಕ್ಕೆ ಬೆರೆಸಿದನು. ಸ್ನಾನದ ಮನೆಯಲ್ಲಿ ಹಾಡಿದರೆ ತನ್ನ ಕಂಠವೇ ತನಗೆ ಇಂಪಾಗುವುದೆಂಬುದು ಯಾರಿಗೆ ತಿಳಿಯದು? ಆತನು ಅದನ್ನೇ ವಿದ್ಯೆಯಾಗಿಸಿದನು. ಬಳಿಕ ದೊಡ್ಡ ಮುದ್ರಣಶಾಲೆಗಳು ಇದಕ್ಕೆಂದೇ ಬರಿಯ ಗೋಡೆಗಳ ಕೋಣೆಗಳನ್ನು ಇಟ್ಟುಕೊಂಡವು.

1957ರಲ್ಲಿ ಜರ್ಮನಿಯ ಇ.ಎಂ.ಟಿ. ಎಂಬ ಕಾರ್ಖಾನೆಯು ಕೋಣೆಯ ಬದಲಿಗೆ ತೆಳುವಾದ ಉಕ್ಕಿನ ತಗಡನ್ನು ಚೌಕಟ್ಟಿನಲ್ಲಿ ಬಿಗಿದು ನಡುಗಿಸುವ ಯಂತ್ರವನ್ನು ಹೊರತಂದಿತು. ತಗಡು ಸುಮಾರು ಎರಡು ಮೀಟರು ಉದ್ದ, ಒಂದು ಮೀಟರು ಅಗಲ. ಅರ್ಧ ಮಿಲಿಮೀಟರು ದಪ್ಪ. ‘ಪ್ಲೇಟ್ ರಿವರ್ಬ್’ ಎಂದು ಇಂದಿಗೂ ಹೇಳುವುದು ಇದರ ನಾದಕ್ಕೆ. ಸುರುಳಿಯಾದ ತಂತಿಯ ಸ್ಪ್ರಿಂಗಿನ ಮೂಲಕ ಶಬ್ದವನ್ನು ಹರಿಸುವ ಅಗ್ಗದ ಉಪಾಯವು ಹ್ಯಾಮಂಡ್ ಆರ್ಗನ್ನುಗಳಿಂದ ಗಿಟಾರಿಗೆ ಬಂದಿತು. ಫೆಂಡರ್ ಕಂಪೆನಿಯು 1961ರಲ್ಲಿ ಸ್ಪ್ರಿಂಗಿನ ಪೆಟ್ಟಿಗೆಯನ್ನು ಪ್ರತ್ಯೇಕವಾಗಿಯೂ, 1963ರಲ್ಲಿ ಆಂಪ್ಲಿಫೈಯರಿನೊಳಗೇ ಅಳವಡಿಸಿಯೂ ಮಾರಿತು. ಕ್ಯಾಲಿಫೋರ್ನಿಯದ ಕಡಲತೀರದ ‘ಸರ್ಫ್’ ಸಂಗೀತದಲ್ಲಿ ಗಿಟಾರು ನೀರಿನ ಹನಿಗಳಂತೆ ತೊಟ್ಟಿಕ್ಕುವುದು ಇದರಿಂದಲೇ. 1976ರಲ್ಲಿ ಅದೇ ಜರ್ಮನ್ ಕಾರ್ಖಾನೆಯು ಗಣಿತದಿಂದಲೇ ಅನುರಣನವನ್ನು ಹುಟ್ಟಿಸುವ ಡಿಜಿಟಲ್ ಯಂತ್ರವನ್ನು ಮಾರಾಟಕ್ಕೆ ತಂದಿತು. ಇಂದು ಈ ಸ್ನಾನಗೃಹ, ತಗಡು, ಸ್ಪ್ರಿಂಗುಗಳೆಲ್ಲವೂ ಮನೆಯ ಕಂಪ್ಯೂಟರಿನಲ್ಲಿ ಒಂದೊಂದು ಗುಂಡಿಯಾಗಿ ಕುಳಿತಿವೆ. ಸುಲಭವಾಗಿ ಸಿಕ್ಕ ವಸ್ತುವು ಅತಿಯಾಗಿ ಬಳಕೆಯಾಗುವುದು ಲೋಕದ ರೂಢಿ.

ಕಂಠಕ್ಕೆ ಎಷ್ಟು?

ರಾಕ್ ಸಂಗೀತದಲ್ಲಿ ಕಂಠ, ಗಿಟಾರುಗಳು, ಬೇಸ್ ಗಿಟಾರು, ಡ್ರಮ್ಮುಗಳು ಎಂಬಿವುಗಳನ್ನು ಬೇರೆಬೇರೆಯಾಗಿ ಮುದ್ರಿಸಿ ಬಳಿಕ ಬೆರೆಸುವರು. ಈ ಬೆರೆಸುವಿಕೆಗೆ ಮಿಕ್ಸಿಂಗ್ ಎಂದು ಹೆಸರು. ಮೊದಲನೆಯ ನಿಯಮವೇನೆಂದರೆ, ಅನುರಣನವಿಲ್ಲದೆಯೇ ಎಲ್ಲವನ್ನೂ ಸಮತೂಕಕ್ಕೆ ತರತಕ್ಕುದು. ಒಣದಾಗಿಯೇ ಕೇಳಲು ಯೋಗ್ಯವಾಗದ ಹಾಡನ್ನು ಅನುರಣನವು ಉದ್ಧರಿಸಲಾರದು.

ಎರಡನೆಯದು, ಒಂದೊಂದು ವಾದ್ಯಕ್ಕೂ ಒಂದೊಂದು ಬಗೆಯ ಅನುರಣನವನ್ನು ಅಂಟಿಸದೆ, ಒಂದೋ ಎರಡೋ ‘ಕೋಣೆ’ಗಳನ್ನು ಪ್ರತ್ಯೇಕವಾಗಿ ಸ್ಥಾಪಿಸಿ, ಎಲ್ಲ ದನಿಗಳಿಂದಲೂ ಬೇಕಾದಷ್ಟನ್ನು ಅಲ್ಲಿಗೆ ಕಳುಹಿಸುವುದು. ತಜ್ಞರು ಇದನ್ನು ‘ಸೆಂಡ್’ ಎನ್ನುವರು. ಒಂದೇ ಮೇಳದವರು ನಾಲ್ಕು ಊರುಗಳಲ್ಲಿ ನಿಂತು ಹಾಡಿದಂತಾದರೆ ಅದು ಮೇಳವೆನಿಸುವುದೆ?

ಮೂರನೆಯದು ಅತಿ ಮುಖ್ಯವಾದುದು. ಮೂಲದನಿಗೂ ಅನುರಣನದ ಆರಂಭಕ್ಕೂ ನಡುವೆ ಸ್ವಲ್ಪ ಬಿಡುವು ಇರಬೇಕು. ಇದಕ್ಕೆ ‘ಪ್ರಿ-ಡಿಲೇ’ ಎಂದು ಹೆಸರು. ದೊಡ್ಡ ಮಂದಿರದಲ್ಲಿ ಹತ್ತಿರ ನಿಂತವನ ಮಾತು ಮೊದಲು ಬಂದು, ಗೋಡೆಯ ಸದ್ದು ತಡವಾಗಿ ಬರುತ್ತದಷ್ಟೆ. ಕಂಠಕ್ಕೆ ಇಪ್ಪತ್ತರಿಂದ ಅರವತ್ತು ಮಿಲಿಸೆಕೆಂಡುಗಳ ಬಿಡುವು ಕೊಟ್ಟರೆ, ವ್ಯಂಜನಗಳು ಬರಿದಾಗಿ ಸ್ಪಷ್ಟವಾಗಿ ಕೇಳಿಸಿದ ಮೇಲೆ ಅನುರಣನವು ಅರಳುವುದು. ಗಾಯಕನು ಮುಂದೆಯೇ ನಿಂತು ಅವನ ಹಿಂದೆ ಮಂದಿರವು ಕಾಣುವುದು. ತಾಳಕ್ಕೆ ಸರಿಯಾಗಿ ಬಿಡುವನ್ನು ಎಣಿಸುವುದೂ ಸುಲಭವೇ. ನಿಮಿಷಕ್ಕೆ 120 ತಟ್ಟುಗಳ ಹಾಡಿನಲ್ಲಿ ಒಂದು ತಟ್ಟು 500 ಮಿಲಿಸೆಕೆಂಡು. ಅದರ ಎಂಟನೆಯ ಒಂದು ಭಾಗವು ಅರವತ್ತೆರಡೂವರೆ, ಹದಿನಾರನೆಯ ಒಂದು ಭಾಗವು ಸುಮಾರು ಮೂವತ್ತೊಂದು.

ನಾಲ್ಕನೆಯದು ಅನುರಣನದ ಉದ್ದ. ವೇಗದ ಹಾಡಿಗೆ ಒಂದು, ಒಂದೂವರೆ ಸೆಕೆಂಡು ಸಾಕು. ವಿಲಂಬದ ಹಾಡಿಗೆ ಎರಡು, ಎರಡೂವರೆಯೂ ಸಲ್ಲುವುದು. ಹಿಂದಿನ ಮಾತಿನ ಬಾಲವು ಮುಂದಿನ ಮಾತಿನ ತಲೆಯನ್ನು ತುಳಿಯಬಾರದೆಂಬುದೇ ಅಳತೆಗೋಲು.

ಐದನೆಯದು ಶೋಧನೆ. ಅನುರಣನಕ್ಕೆ ಹೋಗುವ ದನಿಯಲ್ಲಿ ತಗ್ಗಿನ ಸ್ವರಗಳನ್ನೂ ಅತಿ ಎತ್ತರದ ಸ್ವರಗಳನ್ನೂ ತೆಗೆದುಹಾಕಬೇಕು. ಲಂಡನ್ನಿನ ಆಬಿ ರೋಡ್ ಮುದ್ರಣಶಾಲೆಯಲ್ಲಿ 600 ಹರ್ಟ್ಸಿನ ಕೆಳಗಣದನ್ನೂ 10,000 ಹರ್ಟ್ಸಿನ ಮೇಲಣದನ್ನೂ ಕತ್ತರಿಸಿ ತಗಡಿಗೆ ಕಳುಹಿಸುತ್ತಿದ್ದ ಪದ್ಧತಿಯು ಇಂದಿಗೂ ಅನುಕರಣೀಯವಾಗಿದೆ. ತಗ್ಗಿನ ಸ್ವರಗಳ ಅನುರಣನವು ಕೆಸರು, ಎತ್ತರದ್ದು ಮರಳು. ವಿಶೇಷವಾಗಿ ಶ, ಷ, ಸ ಎಂಬ ಊಷ್ಮಾಕ್ಷರಗಳು ಅನುರಣನದೊಳಗೆ ಹೊಕ್ಕರೆ ಪ್ರತಿಯೊಂದು ಸಕಾರದ ಹಿಂದೆಯೂ ಬಿಸಿಬಾಣಲೆಗೆ ನೀರು ಬಿದ್ದಂತೆ ಸುಂಯ್ ಎನ್ನುವುದು. ಆ ಅಕ್ಷರಗಳನ್ನು ಮೊದಲೇ ತಗ್ಗಿಸಿ ಕಳುಹಿಸುವುದು ಜಾಣತನ.

ಈ ನಿಯಮಗಳ ಹಿಂದಿರುವ ವಿವೇಕಕ್ಕೆ ಒಂದು ಉತ್ತಮ ನಿದರ್ಶನವುಂಟು. ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿಯು 1977ರಲ್ಲಿ ಬರ್ಲಿನ್ನಿನ ಹಾನ್ಸಾ ಮುದ್ರಣಶಾಲೆಯಲ್ಲಿ, ಆಗ ನಗರವನ್ನು ಇಬ್ಭಾಗ ಮಾಡಿದ್ದ ಗೋಡೆಯ ಸಮೀಪದಲ್ಲಿಯೇ, ‘ಹೀರೋಸ್’ ಎಂಬ ಹಾಡನ್ನು ಹಾಡಿದನು. ನಿರ್ಮಾಪಕ ಟೋನಿ ವಿಸ್ಕಾಂಟಿಯು ಅಲ್ಲಿಯ ದೊಡ್ಡ ಮಂದಿರದಲ್ಲಿ ಮೂರು ಮೈಕುಗಳನ್ನು ಇಟ್ಟನು: ಒಂದು ಬಾಯಿಯ ಬಳಿ, ಸುಮಾರು ಒಂಬತ್ತು ಅಂಗುಲದಲ್ಲಿ, ಇನ್ನೊಂದು ಸುಮಾರು ಇಪ್ಪತ್ತು ಅಡಿಯ ದೂರದಲ್ಲಿ, ಮತ್ತೊಂದು ಸುಮಾರು ಐವತ್ತು ಅಡಿಯಾಚೆ. ದೂರದ ಮೈಕುಗಳಿಗೆ ‘ಗೇಟ್’ ಎಂಬ ಬಾಗಿಲುಗಳಿದ್ದವು. ದನಿಯು ಒಂದು ಮಟ್ಟವನ್ನು ಮೀರಿದಾಗಲೇ ಅವು ತೆರೆಯುತ್ತಿದ್ದವು. ಮೆಲ್ಲನೆ ಹಾಡುವಾಗ ಹತ್ತಿರದ ಮೈಕು ಮಾತ್ರ. ದನಿ ಏರಿದಂತೆ ಎರಡನೆಯದು. ಗಂಟಲು ಬಿರಿಯುವಂತೆ ಕೂಗಿದಾಗ ಮೂರನೆಯದೂ ತೆರೆದು ಇಡಿಯ ಮಂದಿರವೇ ಮೊರೆಯುವುದು. ಹಾಡು ಆರಂಭವಾದಾಗ ನಮ್ಮ ಪಕ್ಕದಲ್ಲಿ ಕುಳಿತಿದ್ದವನು ಕೊನೆಯಲ್ಲಿ ದೂರದ ಗೋಪುರದಿಂದ ಕೂಗಿದಂತಾಗುವುದು. ಅನುರಣನವು ಇಲ್ಲಿ ಲೇಪವಲ್ಲ. ಭಾವವು ತೆರೆದ ಬಾಗಿಲು. ಹಾಡುವವನು ಶ್ರಮಪಟ್ಟು ಅದನ್ನು ಸಂಪಾದಿಸಿದನು.

ಇದನ್ನೇ ಮನೆಯಲ್ಲಿಯೂ ಸಾಧಿಸಬಹುದು. ಚರಣದಲ್ಲಿ ಅನುರಣನವನ್ನು ಕಡಿಮೆಯಿಟ್ಟು, ಪಲ್ಲವಿಯಲ್ಲಿ ತುಸು ಏರಿಸಿ, ಸಾಲಿನ ಕೊನೆಯ ಪದವೊಂದಕ್ಕೆ ಮಾತ್ರ ಧಾರಾಳವಾಗಿ ಕೊಟ್ಟರೆ, ಬಾಲವು ಬಿಡುವಿನಲ್ಲಿ ಹರಡುವುದು, ಮಾತು ಕೆಡುವುದಿಲ್ಲ.

ಕನ್ನಡದ ಮಾತಿಗೆ ವಿಶೇಷವಾದ ಎಚ್ಚರ

ಇಂದು ಕನ್ನಡದಲ್ಲಿಯೂ ರಾಕ್ ಮೇಳಗಳು ಹಾಡುತ್ತಿವೆ. ರಘು ದೀಕ್ಷಿತರು ಶಿಶುನಾಳ ಷರೀಫರ ಪದಗಳನ್ನೇ ಗಿಟಾರುಗಳ ಜೊತೆಯಲ್ಲಿ ಹಾಡಿ ದೇಶವಿದೇಶಗಳಿಗೆ ಮುಟ್ಟಿಸಿರುವರು. ನಮ್ಮ ನುಡಿಯಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥವೇ ಬದಲಾಗುವುದು. ‘ಬಿಡು’ ಎಂಬುದು ತ್ಯಾಗ, ‘ಬೀಡು’ ಎಂಬುದು ನೆಲೆ. ಬಿಡುವಿಲ್ಲದೆ ಹತ್ತಿದ ಅನುರಣನವು ಮಾಡುವ ಕೆಲಸವೇ ಹ್ರಸ್ವವನ್ನು ಎಳೆದು ದೀರ್ಘದಂತೆ ತೋರಿಸುವುದು. ಒತ್ತಕ್ಷರಗಳ ಗತಿಯೂ ಹಾಗೆಯೇ. ‘ಕತೆ’ಗೂ ‘ಕತ್ತೆ’ಗೂ ಇರುವ ಭೇದವೇನು? ತಕಾರವನ್ನು ಉಚ್ಚರಿಸುವ ಮೊದಲು ನಾಲಗೆ ಹಲ್ಲಿಗೆ ತಾಗಿ ನಿಲ್ಲುವ ಕ್ಷಣಕಾಲದ ಮೌನ. ಆ ಮೌನವನ್ನು ಅನುರಣನವು ತುಂಬಿಬಿಟ್ಟರೆ ಕೇಳುವವನಿಗೆ ಕತೆಯಾವುದು, ಕತ್ತೆಯಾವುದು? ಹಿರಿಯರು ‘ಮಾತೇ ತಿಳಿಯಲಿಲ್ಲ’ ಎಂದರೆ ಅದು ವಯಸ್ಸಿನ ದೂರೆಂದು ತಳ್ಳಿಹಾಕುವುದು ನ್ಯಾಯವಲ್ಲ, ಕಿವಿಗೊಟ್ಟು ಪರೀಕ್ಷಿಸತಕ್ಕುದು.

ಗಿಟಾರಿಗೆ ಎಷ್ಟು?

ರಾಕ್ ಗಿಟಾರಿನ ಸ್ವಭಾವವೇ ಬೇರೆ. ಆಂಪ್ಲಿಫೈಯರಿನ ಶಕ್ತಿಮೀರಿ ದನಿಯನ್ನು ತುಂಬಿದಾಗ ಅದು ಒಡೆದು ಗರ್ಜಿಸುವುದು. ಇದಕ್ಕೆ ‘ಡಿಸ್ಟಾರ್ಷನ್’ ಎಂದು ಹೆಸರು. ಈ ಗರ್ಜನೆಯಲ್ಲಿ ನಾದವು ತಾನಾಗಿಯೇ ದೀರ್ಘವಾಗಿ ನಿಲ್ಲುತ್ತದೆ. ಸ್ವರದ ನಡುನಡುವೆ ಜಾಗವೇ ಉಳಿದಿರುವುದಿಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಏನಾಗುವುದೋ, ಗರ್ಜಿಸುವ ಗಿಟಾರಿಗೆ ದೀರ್ಘವಾದ ಅನುರಣನವನ್ನು ಹೊಯ್ದರೆ ಅದೇ ಆಗುವುದು. ಆಸ್ಟ್ರೇಲಿಯದ ಎ.ಸಿ.ಡಿ.ಸಿ. ಮೇಳದವರ 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ ಎಂಬ ಸಂಪುಟದಲ್ಲಿ ಗಿಟಾರುಗಳು ಬಹುಮಟ್ಟಿಗೆ ಒಣದಾಗಿಯೇ ನಿಂತಿವೆ. ಪೆಟ್ಟು ಬಿದ್ದೊಡನೆ ನಿಶ್ಶಬ್ದ, ನಿಶ್ಶಬ್ದದ ಬೆನ್ನಿಗೆ ಪೆಟ್ಟು. ಆ ಹಾಡುಗಳ ಬಲವು ಈ ನಿಶ್ಶಬ್ದದಲ್ಲಿಯೇ ಇದೆ.

ಆದುದರಿಂದ ತಾಳಕ್ಕೆ ನುಡಿಸುವ ಗಿಟಾರುಗಳಿಗೆ ಅರ್ಧ ಸೆಕೆಂಡಿನ ಆಸುಪಾಸಿನ ಸಣ್ಣ ಕೋಣೆಯ ಅನುರಣನವು ಸಾಕು. ಎರಡು ಗಿಟಾರುಗಳನ್ನು ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿ, ಎಡದರ ಅನುರಣನವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ತುಸು ಕಳುಹಿಸಿದರೆ ದನಿಗಳು ಬೇರೆಯಾಗಿದ್ದೂ ಒಂದೇ ಚಪ್ಪರದಡಿಯಲ್ಲಿರುವಂತೆ ಕೇಳುವುದು. ಸಾಮಾನ್ಯವಾಗಿ ಅನುರಣನವನ್ನು ಗರ್ಜನೆಯಾದ ಬಳಿಕವೇ ಕೂಡಿಸತಕ್ಕುದು. ಮೊದಲು ಕೂಡಿಸಿದರೆ ಕ್ಷೀಣಿಸುವ ಬಾಲವೂ ಗರ್ಜನೆಗೆ ಸಿಕ್ಕಿ ಮೂಲದಷ್ಟೇ ದಪ್ಪನಾಗಿ ಎಲ್ಲವೂ ಕಲಸಿಹೋಗುವುದು. ಗರ್ಜನೆಯಿಲ್ಲದ ಶುದ್ಧವಾದ ಗಿಟಾರಿಗೆ ಸ್ಪ್ರಿಂಗಿನ ಅನುರಣನವು ಬಹು ಚೆಲುವು. ಏಕಾಂಗಿಯಾಗಿ ಮೇಲೇರುವ ಗಿಟಾರಿಗೆ ಅನುರಣನಕ್ಕಿಂತ ಬಿಡಿಯಾದ ಪ್ರತಿಧ್ವನಿಯೇ ಲೇಸು. ಅದು ಆಳವನ್ನು ಕೊಡುವುದು, ಜಾಗವನ್ನು ತುಂಬುವುದಿಲ್ಲ. 1954ರಲ್ಲಿ ಮೆಂಫಿಸ್ಸಿನ ಸನ್ ಮುದ್ರಣಶಾಲೆಯಲ್ಲಿ ಸ್ಯಾಮ್ ಫಿಲಿಪ್ಸನು ಎಲ್ವಿಸ್ ಪ್ರೆಸ್ಲಿಯ ದನಿಗೆ ಎರಡು ಟೇಪು ಯಂತ್ರಗಳಿಂದ ಕೊಟ್ಟುದು ಇಂತಹ ಒಂದೇ ಚುರುಕಾದ ಪ್ರತಿಧ್ವನಿಯನ್ನು.

ಇಷ್ಟರ ಮೇಲೆ ಒಂದು ಸಾಮಾನ್ಯ ನೀತಿಯುಂಟು: ಎಲ್ಲರೂ ದೂರ ನಿಂತರೆ ದೂರವೆಂಬುದಕ್ಕೆ ಅರ್ಥವಿಲ್ಲ. ಕಂಠಕ್ಕೆ ವಿಶಾಲವಾದ ಸ್ಥಳ ಬೇಕಾದರೆ ಗಿಟಾರು ಹತ್ತಿರವಿರಲಿ. ಗಿಟಾರು ಬೆಟ್ಟದಾಚೆಯಿಂದ ಕೇಳಬೇಕಾದರೆ ಕಂಠವು ಕಿವಿಯ ಬಳಿಗೆ ಬರಲಿ.

ಮನೆಯಲ್ಲಿ ಮಾಡತಕ್ಕ ಪರೀಕ್ಷೆ

ಮಿಕ್ಸಿಂಗಿನಲ್ಲಿ ಅನುರಣನವನ್ನು ಕೂಡಿಸುವುದು ಸುಲಭ. ಮುದ್ರಿಸುವಾಗಲೇ ಮೈಕಿನೊಳಗೆ ಹೊಕ್ಕ ಕೋಣೆಯ ಸದ್ದನ್ನು ಪೂರ್ತಿಯಾಗಿ ತೆಗೆಯುವುದು ಬಹು ಕಷ್ಟ. ಬರಿಯ ಗೋಡೆ, ನುಣುಪಾದ ನೆಲಗಳ ಕೋಣೆಯಲ್ಲಿ ಹಾಡದೆ, ಬಟ್ಟೆಯ ಬೀರು, ಹಾಸಿಗೆ, ಜಮಖಾನಗಳಿರುವ ಕೋಣೆಯನ್ನು ಆರಿಸಿ, ಗಾಯಕನ ಬೆನ್ನ ಹಿಂದೆ ದಪ್ಪನಾದ ಕಂಬಳಿಯೊಂದನ್ನು ತೂಗುಹಾಕಿ, ಮೈಕನ್ನು ಒಂದು ಗೇಣಿನ ದೂರದಲ್ಲಿಡುವುದು ಉತ್ತಮ. ಸಬೀನ್ ಪಂಡಿತನು ಮೆತ್ತೆಗಳಿಂದ ಸಾಧಿಸಿದುದನ್ನು ನಮ್ಮ ಮನೆಯ ಕಂಬಳಿಗಳು ಸಾಧಿಸಲಾರವೆ? ಹೊಸ ಯಂತ್ರಕ್ಕೆ ಹಣವನ್ನು ಕೇಳುವ ಮಕ್ಕಳಿಗೆ ಹಿರಿಯರು ಮೊದಲು ಒಂದು ಕಂಬಳಿಯನ್ನು ಕೊಟ್ಟು ನೋಡಬಹುದು.

ಹದವನ್ನು ಕಂಡುಹಿಡಿಯುವ ಉಪಾಯವಿದು. ಅನುರಣನವು ಸ್ಪಷ್ಟವಾಗಿ ಕೇಳುವವರೆಗೆ ಏರಿಸಿ, ಅಲ್ಲಿಂದ ಅದು ಇದೆಯೋ ಇಲ್ಲವೋ ಎನ್ನುವಷ್ಟಕ್ಕೆ ಇಳಿಸಿರಿ. ಬಳಿಕ ಒಮ್ಮೆಲೇ ನಿಲ್ಲಿಸಿ ನೋಡಿರಿ. ನಿಲ್ಲಿಸಿದಾಗ ಹಾಡು ಬಡವಾಯಿತೆನಿಸಿದರೆ, ಇದ್ದಾಗ ಅದರ ಕಡೆಗೆ ಗಮನವೇ ಹೋಗದಿದ್ದರೆ, ಹದವು ಸಿದ್ಧಿಸಿತೆಂದು ತಿಳಿಯಬಹುದು. ಉಪ್ಪಿನ ಹದವೂ ಇದೇ ತಾನೆ? ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನೊಂದನ್ನೇ ನಂಬದೆ ಸಣ್ಣ ಧ್ವನಿವರ್ಧಕದಲ್ಲಿಯೂ, ದನಿಯನ್ನು ತಗ್ಗಿಸಿಯೂ ಕೇಳಬೇಕು. ಕೊನೆಯದಾಗಿ, ಹಾಡಿನ ಮಾತುಗಳನ್ನು ಮೊದಲು ಕೇಳಿರದ ಒಬ್ಬರನ್ನು, ಅಜ್ಜಿಯಾದರೂ ಆದೀತು, ಕೂರಿಸಿ, ಕೇಳಿದ ಮಾತುಗಳನ್ನು ಬರೆಯಿರಿ ಎನ್ನಬೇಕು. ಅವರು ಹತ್ತರಲ್ಲಿ ಎಂಟು ಮಾತುಗಳನ್ನು ಬರೆದರೆ ಹಾಡು ಗೆದ್ದಿತು.

ಅನುರಣನವನ್ನು ಹೆಚ್ಚಿಸುವ ಆಸೆಯ ಹಿಂದೆ ಎಷ್ಟೋ ಸಲ ಅಂಜಿಕೆಯಿರುವುದು. ಸ್ವರವು ಕದಲಿತೆಂದೋ, ಕಂಠವು ಒರಟೆಂದೋ, ಮಾತು ಬಡವಾಯಿತೆಂದೋ ನಾಚಿ, ಮಂಜನ್ನು ಕವಿಸಿ ಮರೆಮಾಡುವರು. ಆದರೆ ರಾಕ್ ಸಂಗೀತದ ಸತ್ತ್ವವೇ ಒರಟಾದ ಕಂಠವು ನಾಚದೆ ಎದುರು ನಿಂತು ನುಡಿಯುವುದರಲ್ಲಿದೆ. ವಾಚ್ಯವು ಸ್ಪಷ್ಟವಾಗಿದ್ದಲ್ಲದೆ ವ್ಯಂಗ್ಯವು ಹೊಳೆಯದೆಂಬುದು ಆಲಂಕಾರಿಕರ ಮತ. ಪೆಟ್ಟು ಸರಿಯಾಗಿ ಬಿದ್ದಲ್ಲದೆ ಘಂಟೆಯು ಅನುರಣಿಸದು. ಮಕ್ಕಳು ಮೊದಲು ಮಾತನ್ನು ಧೈರ್ಯದಿಂದ ಹೇಳಲಿ, ಹಿರಿಯರು ಬಾಗಿಲು ತೆರೆದು ಕೇಳಲಿ. ಅನುರಣನವು ಅದರ ಹಿಂದೆ, ತನಗೆ ಉಚಿತವಾದ ದೂರದಲ್ಲಿ, ನೆರಳಿನಂತೆ ಬರಲಿ.